ಆ ಧ್ವನಿ ನನ್ನದೇ

ಪತ್ರಿಕೆಯ ಕಚೇರಿಯಲ್ಲಿ ನನ್ನ ಅತ್ತಿಗೆಗೆ ‘ಜರಡಿ’ ಎಂದು ಅಡ್ಡಹೆಸರು. ಇಟ್ಟವರು ಸಂಪಾದಕರು, ಅದು ಹೊಗಳಿಕೆಯೋ ಗೊಣಗಾಟವೋ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಸುದ್ದಿ ಯಾರೇ ತರಲಿ, ಎಷ್ಟೇ ಬಿಸಿಯಾಗಿರಲಿ, ಅವಳು, "ಇದನ್ನ ಮೊದಲು ಹೇಳಿದ್ದು ಯಾರು?" ಎಂದು ಕೇಳುತ್ತಿದ್ದಳು. ಅರ್ಧಕ್ಕರ್ಧ ಸುದ್ದಿ ಆ ಪ್ರಶ್ನೆಗೇ ಉದುರಿಹೋಗುತ್ತಿತ್ತು.

ಸೋಂಕಿನ ಕಾಲದಲ್ಲಿ ಕಚೇರಿ ಮುಚ್ಚಿ, ಅವಳ ಕೆಲಸ ನಮ್ಮ ಊಟದ ಮೇಜಿಗೆ ಬಂತು. ಮೇಜಿನ ಒಂದು ತುದಿಯಲ್ಲಿ ನಾನು ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಒಂದನೇ ತರಗತಿಯ ಮಕ್ಕಳಿಗೆ ಕೂಡುವ ಲೆಕ್ಕ ಹೇಳಿಕೊಡುತ್ತಿದ್ದೆ. ಇನ್ನೊಂದು ತುದಿಯಲ್ಲಿ ಅವಳು ಊರಿನ ಸುಳ್ಳುಗಳ ಗಂಟು ಬಿಡಿಸುತ್ತ ಕೂತಿರುತ್ತಿದ್ದಳು. ನೀರು ಸರಬರಾಜಿನಲ್ಲಿದ್ದ ನನ್ನಣ್ಣ ಪಂಪ್‌ಹೌಸಿನಿಂದ ಬಂದು, ಮೆಟ್ಟಿಲ ಕೆಳಗಿನ ಬಚ್ಚಲಲ್ಲೇ ಸ್ನಾನ ಮುಗಿಸಿ ಮೇಲೆ ಹತ್ತುವಾಗ, "ಇವತ್ತೇನೇ ಸುಳ್ಳು?" ಎಂದು ಕೂಗುವುದು ವಾಡಿಕೆಯಾಗಿತ್ತು.

ಅವಳು ಕೆಲಸ ಮಾಡುವ ಬಗೆಯನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ. ಆಳುವ ಪಕ್ಷದವರು ಸಾಲುಸಾಲು ಹಾಸಿಗೆಗಳ ಚಿತ್ರ ಹಾಕಿ ‘ನಮ್ಮ ಹೊಸ ಆಸ್ಪತ್ರೆ’ ಎಂದು ಬರೆದಿದ್ದರು. ಅತ್ತಿಗೆ ಹಾಸಿಗೆಗಳನ್ನು ನೋಡಲೇ ಇಲ್ಲ. ಗೋಡೆಯ ಪ್ಲಗ್ಗನ್ನು ದೊಡ್ಡದು ಮಾಡಿ ನೋಡಿದಳು. "ಈ ತೂತು ನೋಡು. ನಮ್ಮ ದೇಶದ ಯಾವ ಪಿನ್ನೂ ಇದರೊಳಗೆ ಹೋಗಲ್ಲ," ಎಂದಳು. ಅದಾದ ಮೇಲೆ ವಿರೋಧ ಪಕ್ಷದವರು ಆಸ್ಪತ್ರೆಯ ಹಿಂದೆ ಹೆಣಗಳನ್ನು ಬಚ್ಚಿಟ್ಟಿದ್ದಾರೆಂದು ಒಂದು ವಿಡಿಯೊ ಹರಿಬಿಟ್ಟರು. ಅವಳು ಅದನ್ನು ನಿಧಾನಗೊಳಿಸಿ ನೋಡಿದಾಗ, ಹಿಂದಿನ ಸಾಲಿನ ಹೆಣವೊಂದು ಮೂಗು ಕೆರೆದುಕೊಂಡಿತು! ಎಷ್ಟೋ ವರ್ಷಗಳ ಹಿಂದೆ, ಕಾರ್ಖಾನೆಯ ಹೊಗೆಯ ವಿರುದ್ಧ ಜನ ರಸ್ತೆಯಲ್ಲಿ ಮಲಗಿ ಮಾಡಿದ್ದ ಪ್ರತಿಭಟನೆ ಅದು. ಇವರು ಅವಳನ್ನು ಅವರ ಏಜೆಂಟ್ ಎಂದರು, ಅವರು ಇವರ ಏಜೆಂಟ್ ಎಂದರು. "ಇಬ್ಬರೂ ಕೂತು ಒಂದು ತೀರ್ಮಾನಕ್ಕೆ ಬಂದ್ರೆ ನಂಗೂ ಅನುಕೂಲ," ಎಂದು ನಗುತ್ತಿದ್ದಳು.

ಆದರೆ ನಂಬಿದವರನ್ನು ಕಂಡು ಅವಳು ನಕ್ಕದ್ದನ್ನು ನಾನು ನೋಡಿಲ್ಲ. ನಾನೊಮ್ಮೆ ನಕ್ಕಾಗ, "ಹೆದರಿರೋರು ಸಿಕ್ಕಿದ್ದನ್ನ ಹಿಡ್ಕೋತಾರೆ. ಅದರಲ್ಲಿ ನಗೋದೇನಿದೆ?" ಎಂದು ಬಾಯಿ ಮುಚ್ಚಿಸಿದ್ದಳು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ದರ್ಜಿ ಮತ್ತು ಅವನ ಹೆಂಡತಿ ಇದ್ದರು. ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಉಳಿದ ಬಟ್ಟೆಯಲ್ಲಿ ಮಾಸ್ಕ್ ಹೊಲಿಯುತ್ತಿದ್ದರು. ಒಂದು ಬೆಳಿಗ್ಗೆ ಮಿಷನ್ನಿನ ಸದ್ದು ಕೇಳಲಿಲ್ಲ, ಕೆಮ್ಮು ಕೇಳಿತು. ಮರುದಿನ ಕೆಮ್ಮಿಗೂ ಶಕ್ತಿಯಿಲ್ಲದ ಹಾಗೆ ಒಂದು ಏದುಸಿರು. ಅತ್ತಿಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರನ್ನು ಅವರ ಹೊಸ್ತಿಲ ಮೇಲಿಟ್ಟು, ನಾಲ್ಕು ಮೆಟ್ಟಿಲು ಹಿಂದೆ ಬಂದು ನಿಂತಳು. ನಾನೂ ಅವಳ ಬೆನ್ನಿಗಿದ್ದೆ.

ದರ್ಜಿ ಒಳಗೆ ಹೋಗಿ ಬಂದು, "ಎಂಬತ್ತೆರಡು ತೋರಿಸ್ತಿದೆ," ಎಂದ.

ತೊಂಬತ್ತಕ್ಕಿಂತ ಕೆಳಗಿಳಿದರೆ ಅಪಾಯ. ಅತ್ತಿಗೆ ಮೆತ್ತಗೆ, "ಈಗಲೇ ಆಸ್ಪತ್ರೆಗೆ ಹೊರಡಬೇಕು. ನಾನು ಆಂಬುಲೆನ್ಸ್‌ಗೆ ಹೇಳ್ತೀನಿ," ಎಂದಳು.

"ಬೇಡ." ಅವನು ಬಾಗಿಲಿಗೆ ಅಡ್ಡ ನಿಂತ. "ಅಲ್ಲಿಗೆ ಮಾತ್ರ ಬೇಡ ಮೇಡಂ. ದೊಡ್ಡ ಡಾಕ್ಟರೇ ಹೇಳಿದಾರೆ. ನೀವೇ ಕೇಳಿ."

ಅವನು ಫೋನು ಎತ್ತಿಹಿಡಿದ. ತುಂಬು ಗಂಟಲಿನ ಧ್ವನಿಯೊಂದು ಮೆಟ್ಟಿಲ ತುಂಬ ತುಂಬಿಕೊಂಡಿತು. ‘ದೀರ್ಘವಾಗಿ ಉಸಿರೆಳೆದು, ಧೈರ್ಯದಿಂದ ಇಪ್ಪತ್ತರವರೆಗೆ ಎಣಿಸಿ. ಎಣಿಸಲು ಸಾಧ್ಯವಾದರೆ ನಿಮಗೆ ಯಾವ ಭಯವೂ ಇಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಬೇಡಿ. ಅಲ್ಲಿ ಆಕ್ಸಿಜನ್ ಹಚ್ಚಿದರೆ ಶ್ವಾಸಕೋಶ ಸೋಮಾರಿಯಾಗುತ್ತದೆ. ಹೋದವರು ಹಿಂತಿರುಗುತ್ತಿಲ್ಲ. ಸತ್ತವರ ಲೆಕ್ಕವನ್ನು ಸರ್ಕಾರ ಮುಚ್ಚಿಡುತ್ತಿದೆ.’

ನಾನೂ ಅತ್ತಿಗೆಯೂ ಮುಖಮುಖ ನೋಡಿಕೊಂಡೆವು. ದೀರ್ಘದ ‘ಘ’, ಧೈರ್ಯದ ‘ಧ’, ಭಯದ ‘ಭ’ — ಮಹಾಪ್ರಾಣಗಳನ್ನು ಹೀಗೆ ಹೊಕ್ಕಳಿನಿಂದ ಎಬ್ಬಿಸಿ ಹೇಳುವವರು ನಮ್ಮೂರಲ್ಲಿ ಒಬ್ಬರೇ. ನನಗೆ ಅಕ್ಷರ ತಿದ್ದಿಸಿದ ಧ್ವನಿ ಅದು. ನನ್ನ ಸೋದರಮಾವ.

ಮಾವ ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತರಾದವರು. ಈಗಲೂ ಬೆಳಿಗ್ಗೆ ಬಿಸಿನೀರಿನಲ್ಲಿ ಗಂಟಲು ಮುಕ್ಕಳಿಸದೆ ಯಾರಿಗೂ ಹಲೋ ಎನ್ನುತ್ತಿರಲಿಲ್ಲ. ಹಾಲಿನವನು ‘ಬಾನುವಾರ’ ಎಂದರೆ ನಿಲ್ಲಿಸಿ ‘ಭಾನುವಾರ’ ಹೇಳಿಸುತ್ತಿದ್ದರು. ಅವರ ಮನೆ ನಮ್ಮ ಬೀದಿಯ ತುದಿಯಲ್ಲೇ.

ಅತ್ತಿಗೆ ಮೇಲೆ ಬಂದು ಅವರಿಗೆ ಫೋನು ಮಾಡಿದಳು. ರೇಗಲಿಲ್ಲ. "ಮಾವ, ಒಂದು ಆಡಿಯೋ ಕೇಳಿಸ್ತೀನಿ. ಇದು ನೀವಾ?"

"ನಾನೇ!" ಮಾವನ ದನಿಯಲ್ಲಿ ಹಿಗ್ಗಿತ್ತು. "ನಮ್ಮ ಹಿರಿಯರ ಗುಂಪಿಗೆ ಓದಿ ಕಳಿಸಿದ್ದು. ಪಾಪ, ಎಷ್ಟೋ ಜನಕ್ಕೆ ಸಣ್ಣಕ್ಷರ ಕಾಣಲ್ಲ. ಹೇಗೆ ಬಂದಿದೆ?"

"ಓದಿದ್ದು ಚೆನ್ನಾಗಿದೆ. ಬರೆದೋರು ಯಾರು?"

"ಅದು… ಯಾರೋ ಕಳಿಸಿದ್ರು. ಶುರುವಿನಲ್ಲೇ ‘ಇದು ನನಗೆ ಬಂದ ಸಂದೇಶ, ಓದುತ್ತಿದ್ದೇನೆ’ ಅಂತ ಹೇಳಿದ್ದೀನಲ್ಲ."

"ಆ ತುಂಡು ಕತ್ತರಿಸಿದ್ದಾರೆ. ಈಗ ನೀವು ದೊಡ್ಡ ಡಾಕ್ಟರು. ಕೆಳಗಿನ ಮನೆ ಹೆಂಗಸು ಉಸಿರಿಗೆ ಒದ್ದಾಡ್ತಿದಾರೆ. ನಿಮ್ಮ ಮಾತು ಕೇಳಿ ಗಂಡ ಆಸ್ಪತ್ರೆಗೆ ಬಿಡ್ತಿಲ್ಲ. ನಾನು ಹೇಳಿದ್ರೆ ನಂಬಲ್ಲ. ನೀವೇ ಬರಬೇಕು."

ಅತ್ತಿಗೆ ಆಂಬುಲೆನ್ಸಿಗೆ ಕರೆ ಮಾಡಿ ಮುಗಿಸುವಷ್ಟರಲ್ಲಿ ಮಾವ ನಮ್ಮ ಅಂಗಳದಲ್ಲಿದ್ದರು. ಮನೆಯ ಚಪ್ಪಲಿ, ಗುಂಡಿ ಮೇಲೆಕೆಳಗಾಗಿ ಹಾಕಿದ ಶರ್ಟು. ಇಸ್ತ್ರಿಯಿಲ್ಲದ ಬಟ್ಟೆಯಲ್ಲಿ ಅವರು ಬೀದಿಗಿಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ದರ್ಜಿಯ ಕಿಟಕಿಯಿಂದ ದೂರ ನಿಂತು ಅವರು ಮಾಸ್ಕ್ ಕೆಳಗೆಳೆದರು. "ಅಪ್ಪಾ, ನಿನ್ನ ಫೋನಿನಲ್ಲಿರೋದು ನನ್ನ ಧ್ವನಿ. ನಾನು ಡಾಕ್ಟರಲ್ಲ."

ಕಿಟಕಿಯಲ್ಲಿ ದರ್ಜಿಯ ಮುಖ ಕಂಡಿತು. "ಮೇಲಿನ ಮನೆ ಮೇಡಂ ಕರ್ಕೊಂಡು ಬಂದಿರೋರು ನೀವು. ನಾನ್ಹೇಗೆ ನಂಬಲಿ? ಎಲ್ಲಿ, ‘ಶ್ವಾಸಕೋಶ ಸೋಮಾರಿಯಾಗುತ್ತದೆ’ ಅನ್ನಿ ನೋಡೋಣ."

ಮಾವ ಕಣ್ಣು ಮುಚ್ಚಿ, ಆ ಸುಳ್ಳನ್ನು ಇನ್ನೊಮ್ಮೆ ಅಕ್ಷರಕ್ಕಕ್ಷರ ಹೇಳಿದರು. ಅದೇ ಗಂಟಲು, ಅದೇ ಏರಿಳಿತ. ಅಕ್ಕಪಕ್ಕದ ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದವು.

"ಕೇಳಿದೆಯಲ್ಲ?" ಮಾವನ ಗಂಟಲು ಈಗ ಒಡೆದಿತ್ತು. "ಬೇರೆಯವರು ಬರೆದದ್ದನ್ನ ಓದೋದೇ ನನ್ನ ಜನ್ಮದ ಕೆಲಸ. ರೇಡಿಯೋದಲ್ಲಿ ಯಾರಾದರೂ ಸರಿ ನೋಡಿ ಕೈಗೆ ಕೊಡ್ತಿದ್ರು, ನಾನು ಓದ್ತಿದ್ದೆ. ಇದನ್ನ ಯಾರೂ ಸರಿ ನೋಡಿರಲಿಲ್ಲ. ನಾನೂ ನೋಡಲಿಲ್ಲ. ನಿಂಗೆ ಕೈಮುಗೀತೀನಿ, ಅವಳನ್ನ ಹೊರಗೆ ಕರ್ಕೊಂಡು ಬಾ."

ದರ್ಜಿ ಬಾಗಿಲು ತೆಗೆದ. ಹೆಂಡತಿಯನ್ನು ಕುರ್ಚಿ ಸಮೇತ ಎತ್ತಿ ತಂದ. ಆಕೆಯ ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸಿನೊಳಗೆ ಅವನನ್ನು ಹತ್ತಿಸಿಕೊಳ್ಳಲಿಲ್ಲ. ತಿರುವಿನವರೆಗೂ ಹಿಂದೆಯೇ ಓಡಿ, ಅಲ್ಲೇ ಕುಕ್ಕರಿಸಿದ. ಮಾವ ಅವನಿಂದ ಮಾರು ದೂರದಲ್ಲಿ, ನೆಲದ ಮೇಲೇ ಕೂತರು. ಇಬ್ಬರೂ ಬಹಳ ಹೊತ್ತು ಏಳಲಿಲ್ಲ.

ಅತ್ತಿಗೆಗೆ ಕೂರುವಷ್ಟು ಪುರುಸೊತ್ತಿರಲಿಲ್ಲ. ಮಾವನಿಗೆ ಸಂದೇಶ ಕಳಿಸಿದವರು ಯಾರು, ಅವರಿಗೆ ಕಳಿಸಿದವರು ಯಾರು ಎಂದು ಎಳೆ ಹಿಡಿದು ಹೊರಟಳು. ನಿವೃತ್ತ ಗುಮಾಸ್ತರೊಬ್ಬರು, ಅವರ ಷಡ್ಡಕ, ಷಡ್ಡಕನ ವಾಕಿಂಗ್ ಗೆಳೆಯ… ಎಲ್ಲರಿಗೂ ಅದೇ ನಯವಾದ ಮಾತು: "ನಿಮ್ಮದೇನೂ ತಪ್ಪು ಹುಡುಕ್ತಿಲ್ಲ. ನಿಮಗೆ ಎಲ್ಲಿಂದ ಬಂತು ಅಂತ ಹೇಳಿದ್ರೆ ಸಾಕು." ಕೊನೆಗೆ ಎಳೆ ಹೋಗಿ ಮುಟ್ಟಿದ್ದು, ಮುಂದಿನ ಚುನಾವಣೆಗೆ ನಿಲ್ಲಲಿದ್ದ ವಿರೋಧ ಪಕ್ಷದ ಅಭ್ಯರ್ಥಿಯೊಬ್ಬನ ಪ್ರಚಾರದ ಪುಟಕ್ಕೆ. ಅಲ್ಲಿ ಅಕ್ಷರವೂ ಬದಲಾಗದೆ ಕೂತಿತ್ತು.

ಇಷ್ಟಕ್ಕೆ ಸುದ್ದಿ ಬರೆಯಬಹುದಿತ್ತು. ಅವಳು ಬರೆಯಲಿಲ್ಲ. ಶ್ವಾಸಕೋಶದ ವೈದ್ಯರೊಬ್ಬರನ್ನು, ಆಸ್ಪತ್ರೆಯ ಹಿರಿಯ ನರ್ಸನ್ನು, ಸ್ಮಶಾನದ ಮೇಲ್ವಿಚಾರಕನನ್ನು ಮಾತಾಡಿಸಿದಳು. ಸಂಜೆ ಸಂಪಾದಕರು ಫೋನಿನಲ್ಲಿ, "ಜರಡಿ, ಎಲ್ಲ ಸುಳ್ಳು ಅಂತ ದೊಡ್ಡದಾಗಿ ಹಾಕಿ ಮುಗಿಸಮ್ಮ," ಎಂದರು.

"ಎಲ್ಲ ಸುಳ್ಳಲ್ಲ ಸರ್. ಉಸಿರು ಹಿಡಿಯೋದು ಸುಳ್ಳು, ಸೋಮಾರಿ ಶ್ವಾಸಕೋಶ ಸುಳ್ಳು. ಹೋದೋರಲ್ಲಿ ಹೆಚ್ಚಿನವರು ವಾಪಸ್ ಬಂದಿದಾರೆ. ಆದ್ರೆ ಸತ್ತವರ ಲೆಕ್ಕ ಇದೆಯಲ್ಲ, ಅದು ನಿಜವಾಗ್ಲೂ ತಾಳೆ ಆಗ್ತಿಲ್ಲ. ಸರ್ಕಾರ ಹೇಳೋದಕ್ಕಿಂತ ಸ್ಮಶಾನದಲ್ಲಿ ಜಾಸ್ತಿ ಇದೆ. ಬೇಕಂತ ಮುಚ್ಚಿಟ್ಟಿದಾರೋ, ಬರೆಯೋಕೆ ಕೈ ಸಾಲದೆ ಹಿಂದೆ ಬಿದ್ದಿದೆಯೋ ನಂಗಿನ್ನೂ ಗೊತ್ತಿಲ್ಲ. ಹಾಗೇ ಬರೀತೀನಿ."

ಸಂಪಾದಕರು ನಿಟ್ಟುಸಿರು ಬಿಟ್ಟರು. "ಎರಡೂ ಪಕ್ಷದೋರು ನಮ್ಮ ಬಾಗಿಲಿಗೆ ಬರ್ತಾರೆ. ಹೋಗಲಿ. ಆ ಧ್ವನಿ ಯಾರದ್ದು ಅನ್ನೋದು ಬಿಡು. ‘ನಿವೃತ್ತರೊಬ್ಬರು’ ಅಂದ್ರೆ ಸಾಕು."

"ಅದು ನನ್ನ ಗಂಡನ ಸೋದರಮಾವ ಸರ್. ಊರೋರ ಮನೆ ಸುಳ್ಳೆಲ್ಲ ಹೆಸರು ಹಾಕಿ ಬರೆದು, ನಮ್ಮನೇದು ಮಾತ್ರ ‘ಒಬ್ಬರು’ ಅಂದ್ರೆ ನಾಳೆ ನನ್ನ ಯಾರು ನಂಬ್ತಾರೆ?"

ಹಾಗಂತ ಮಾವನಿಗೆ ಹೇಳದೆ ಬರೆಯುವವಳೂ ಅಲ್ಲ ಅವಳು. ಫೋನು ಮಾಡಿದಾಗ ಅತ್ತೆಯೇ, ಅಂದರೆ ಮಾವನ ಹೆಂಡತಿಯೇ, ಎತ್ತಿದರು. "ಇಡೀ ಬೀದಿ ಎದುರು ಕೈ ಮುಗಿಸಿದ್ದು ಸಾಲಲಿಲ್ವಾ? ಈಗ ಪೇಪರಲ್ಲೂ ಮಾನ ಕಳೀಬೇಕಾ? ಸೊಸೆ ಮಾಡೋ ಕೆಲಸವೇನೇ ಇದು?" ಎಂದು ಹರಿಹಾಯ್ದರು. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, "ಮಾವನಿಗೆ ಫೋನು ಕೊಡ್ತೀರಾ ಅತ್ತೆ?" ಎಂದಳು.

ಆಮೇಲೆ ಫೋನು ಮಾವನ ಕೈಗೆ ಹೋಯಿತು. "ಜನ ನನ್ನ ಧ್ವನಿನ ನಂಬ್ತಿದ್ರು ಕಣಮ್ಮ. ಜೀವಮಾನದ ಗಳಿಕೆ ಅಂತ ನಂಗಿರೋದು ಅದೊಂದೇ," ಎಂದರು.

"ಅದಕ್ಕೇ ಕೇಳ್ತಿರೋದು ಮಾವ. ಇವತ್ತು ಒಂದು ಕಿಟಕಿ ಕೆಳಗೆ ಹೋಗಿ ನಿಂತ್ರಿ. ಉಳಿದ ಕಿಟಕಿಗಳಿಗೆ ಯಾರು ಹೋಗ್ತಾರೆ?"

ಮಾವ ಫೋನಿಟ್ಟರು.

ಮಾರನೇ ಬೆಳಿಗ್ಗೆ ಅವರಿಂದ ಒಂದು ಧ್ವನಿಮುದ್ರಣ ಬಂತು. ‘ಯಾರೋ ಕಿಡಿಗೇಡಿಗಳು ನನ್ನ ಧ್ವನಿಯನ್ನು ಕದ್ದು…’ ಎಂದು ಗಂಭೀರವಾಗಿ ಶುರುವಾಗಿತ್ತು. ನನಗೆ ಅಷ್ಟೇ ದೊಡ್ಡದೆನ್ನಿಸಿತು. ಅತ್ತಿಗೆ ತಲೆಯಾಡಿಸಿ ವಾಪಸ್ ಬರೆದಳು: ‘ಕದ್ದಿಲ್ಲ ಮಾವ. ಓದಿದ್ದು ನೀವೇ.’

ಮಾವ ಮಧ್ಯಾಹ್ನದವರೆಗೆ ಮುಖ ಊದಿಸಿಕೊಂಡಿದ್ದರಂತೆ. ಊಟ ಬಿಟ್ಟು ಎದ್ದು, ಕೋಣೆಯ ಬಾಗಿಲು ಹಾಕಿಕೊಂಡರಂತೆ. ಆಮೇಲೆ ಎರಡನೆಯದು ಬಂತು. ಅದರಲ್ಲಿ ಏರಿಳಿತವಿರಲಿಲ್ಲ. ‘ನಾನು ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವನು. ಡಾಕ್ಟರ್ ಹೆಸರಿನಲ್ಲಿ ಓಡಾಡುತ್ತಿರುವ ಆ ಧ್ವನಿ ನನ್ನದೇ. ನಿಜವೋ ಸುಳ್ಳೋ ವಿಚಾರಿಸದೆ ಓದಿದೆ. ಅದು ತಪ್ಪು. ಉಸಿರು ಕಟ್ಟಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.’ ಅತ್ತಿಗೆ ಅದನ್ನು ಕೇಳಿ, ಇಯರ್‌ಫೋನ್ ತೆಗೆದಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸುದ್ದಿಯೂ ಧ್ವನಿಯೂ ಒಟ್ಟಿಗೇ ಹೊರಬಂದವು.

ಸುಳ್ಳು ಓಡಿದಷ್ಟು ದೂರ ತಿದ್ದುಪಡಿ ಓಡಲಿಲ್ಲ. ಹಾಗೆ ಓಡುವುದೂ ಇಲ್ಲವೆಂದು ಅತ್ತಿಗೆಗೆ ಗೊತ್ತಿತ್ತು. ಮಾವನಿಗೆ ಬೈಗುಳದ ಕರೆಗಳು ಬಂದವು. ಹಳೆಯ ಅಭಿಮಾನಿಯೊಬ್ಬ, ‘ಥೂ’ ಎಂದಷ್ಟೇ ಹೇಳಿ ಇಟ್ಟನಂತೆ. ಅಭ್ಯರ್ಥಿಯ ಪುಟದಿಂದ ಆ ಸಂದೇಶ ಸದ್ದಿಲ್ಲದೆ ಮಾಯವಾಯಿತು. ಸ್ಮಶಾನದ ಲೆಕ್ಕ ಬರೆದದ್ದಕ್ಕೆ ಮಂತ್ರಿಯ ಕಡೆಯವರೂ ಕೆಂಡಕಾರಿದರು. ಆದರೆ ಕೆಲವು ವಾರಗಳಲ್ಲಿ ಸರ್ಕಾರದ ಲೆಕ್ಕವೇ ತೆಪ್ಪಗೆ ಮೇಲೇರಿತು. ಇದರ ನಡುವೆ ಹಿರಿಯ ನರ್ಸ್ ಒಮ್ಮೆ ಫೋನು ಮಾಡಿ, "ಆ ರೇಡಿಯೋ ಅಜ್ಜ ಹೇಳಿದ್ರು ಅಂತ ಕೆಲವರು ಬಂದ್ರು. ತಡವಾಗಿ ಬಂದೋರೂ ಇದ್ರು, ಟೈಮಿಗೆ ಸರಿಯಾಗಿ ಬಂದೋರೂ ಇದ್ರು," ಎಂದರು. ಅತ್ತಿಗೆ ಮಾವನಿಗೆ ಎರಡನ್ನೂ ಹೇಳಿದಳು. ಮೊದಲನೆಯದನ್ನು ಮುಚ್ಚಿಡಬಹುದಿತ್ತು.

ದರ್ಜಿಯ ಹೆಂಡತಿ ಬದುಕಿ ಬಂದಳು. ಮಿಷನ್ ತುಳಿಯಲು ಎಷ್ಟೋ ತಿಂಗಳು ಕಾಲಲ್ಲಿ ಕಸುವಿರಲಿಲ್ಲ. ಗಂಡನ ಪಕ್ಕ ಕೂತು ಗುಂಡಿ ಹಚ್ಚುತ್ತ, ಅವನ ಹೊಲಿಗೆ ಸೊಟ್ಟಗಾಯಿತೆಂದು ಬೈಯುವಷ್ಟು ಉಸಿರು ಮಾತ್ರ ಬೇಗ ಬಂತು.

ಅತ್ತೆ ನಮ್ಮ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು. ಮಾವ ಬಿಡಲಿಲ್ಲ. ಅತ್ತಿಗೆಯ ಪರಿಶೀಲನೆಗಳನ್ನು ತಾವೇ ಓದಿ, ಅದೇ ಹಿರಿಯರ ಗುಂಪಿಗೆ ಕಳಿಸತೊಡಗಿದರು. ಅದಕ್ಕೆ ಮೊದಲು ಫೋನಿನಲ್ಲಿ ಇಬ್ಬರಿಗೂ ಜಗಳ ಆಗಲೇಬೇಕು.

"ಮಾವ, ಇಲ್ಲಿ ‘ಖಂಡಿತ’ ಅಂತ ಎಲ್ಲಿ ಬರೆದಿದೀನಿ?"

"ಖಂಡಿತ ಅಂದ್ರೆ ವಾಕ್ಯಕ್ಕೊಂದು ತೂಕ ಬರತ್ತಮ್ಮ."

"ತೂಕ ಬೇಡ. ‘ಸದ್ಯಕ್ಕೆ ತಿಳಿದಿರುವಂತೆ’ ಅಂತ ಇದೆ. ಹಾಗೇ ಓದಿ."

ಮಾವ ಗೊಣಗಿಕೊಂಡು, ಗಂಟಲು ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ ಓದುತ್ತಿದ್ದರು. ಮೇಜಿನ ಈ ತುದಿಯಲ್ಲಿ, ಫೋನಿನೊಳಗಿನ ನನ್ನ ತರಗತಿಯ ಮಕ್ಕಳು ಲೆಕ್ಕ ನಿಲ್ಲಿಸಿ ಕೇಳುತ್ತಿದ್ದವು.