ಇಪ್ಪತ್ತರ ಗುಂಡು, ಬಿದಿರಿನ ಏಣಿ

ಹರಕೆ ತೀರಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ರಜನಿಗೆ ಹಾಗಾಗಲಿಲ್ಲ. ಇಪ್ಪತ್ತು ಕೆಜಿಯ ಗುಂಡನ್ನು ಒಂದೇ ಕೈಯಲ್ಲಿ ಮೇಲಕ್ಕೆ ಚಾಚಿ ಹಿಡಿದು, ಅಂಗಾತ ಮಲಗಿದ್ದವಳು ಎದ್ದು ನೆಟ್ಟಗೆ ನಿಂತು, ಹೋದ ದಾರಿಯಲ್ಲೇ ಇಳಿದು ಮತ್ತೆ ಮಲಗಿದಾಗ ಅವಳ ಎದೆಯೊಳಗೆ ಎದ್ದು ಕೂತದ್ದು ಭಯ. ಅಯ್ಯೋ ದೇವರೇ, ಆಗಿಯೇ ಹೋಯಿತಲ್ಲ ಎಂಬ ಭಯ.

ಮೂಡಿಗೆರೆಯಲ್ಲಿ ಮೊಹಿದ್ದೀನ್ ಸಾಹೇಬರ ಜೀಪ್ ಗ್ಯಾರೇಜಿನ ಮಾಳಿಗೆಯ ಮೇಲೆ ಅವರ ಮಗ ಇಜಾಜ್ ಜಿಮ್ ನಡೆಸುತ್ತಾನೆ. ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಹೆಂಗಸರ ಹೊತ್ತು. ಆಗ ಅವನ ಅಕ್ಕ ಶಬನಂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಾ ಕೂರುತ್ತಾಳೆ. ಅವಳು ಕೂತಿದ್ದರೆ ಬಣಕಲ್, ಜಾವಳಿ ಕಡೆಯಿಂದ ಬರುವ ಹೆಂಗಸರಿಗೆ ಒಂದು ಧೈರ್ಯ. ಕೆಟಲ್‌ಬೆಲ್ ಎಂಬ ಹೆಸರು ರಜನಿಯ ನಾಲಿಗೆಗೆ ಹೊಂದಲೇ ಇಲ್ಲ. ಮೇಲೊಂದು ಹಿಡಿ ಇರುವ ಕಬ್ಬಿಣದ ಉಂಡೆ ಅದು. ಊರಿನ ಗಂಡಸರು ಹಿಂದೆ ಪಂಥ ಕಟ್ಟಿ ಕಲ್ಲುಗುಂಡು ಎತ್ತುತ್ತಿದ್ದರಲ್ಲ, ಆ ಲೆಕ್ಕದಲ್ಲಿ ಅವಳಿಗೆ ಅದೂ ಗುಂಡೇ.

ಇಜಾಜ್ ಎಷ್ಟು ಹೇಳಿದರೂ ಅವಳು ಅಂಕಿ ಎಣಿಸುತ್ತಿರಲಿಲ್ಲ. ಅವಳ ತಂದೆ ಸಂಜೆ ಹೊತ್ತು ದೀಪ ಹಚ್ಚಿಟ್ಟು ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದವರು. ಆ ಆರು ಸಾಲಿನ ನಡೆ ಅವಳ ಮೈಯಲ್ಲೇ ಕೂತುಬಿಟ್ಟಿತ್ತು. ಮೊದಲ ಸಾಲಿಗೆ ಮೊಣಕೈ ಊರುವುದು, ಎರಡನೆಯದಕ್ಕೆ ಅಂಗೈ. ಮೂರನೆಯ ಸಾಲು ಉದ್ದ, ಅಲ್ಲಿ ಸೊಂಟ ಎತ್ತಿ ಕಾಲನ್ನು ಹಿಂದಕ್ಕೆಳೆದುಕೊಳ್ಳಲು ಸಮಯ ಸಿಗುತ್ತದೆ. ಆಮೇಲೆರಡು ಗಿಡ್ಡ ಸಾಲು ಮಂಡಿಯಲ್ಲಿ. ಕೊನೆಯ ಉದ್ದದ ಸಾಲಿಗೆ ಎದ್ದು ನಿಲ್ಲುವುದು. ಮನಸ್ಸಿನಲ್ಲೇ ಪದ್ಯ ಮುಗಿಯುವ ಹೊತ್ತಿಗೆ ಗುಂಡು ತಲೆಯ ಮೇಲಿರುತ್ತಿತ್ತು.

"ಆಯ್ತಲ್ಲ ಅಕ್ಕ," ಎಂದ ಇಜಾಜ್, ವೀಡಿಯೊ ತೆಗೆಯುತ್ತಿದ್ದ ಫೋನನ್ನು ಕೆಳಗಿಳಿಸುತ್ತಾ. "ಮಳೆಗಾಲದವರೆಗೂ ಹಿಡಿಯುತ್ತೆ ಅಂದ್ಕೊಂಡಿದ್ದೆ ನಾನು."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದಳು ರಜನಿ. ಅವಳ ದನಿಯಲ್ಲಿ ಸಂತೋಷ ಇರಲಿಲ್ಲ.

ಈ ಭಯಕ್ಕೆ ಒಂದು ಹಿನ್ನೆಲೆ ಇತ್ತು. ಹೋದ ವರ್ಷ ಕಾಳುಮೆಣಸಿನ ಕೊಯ್ಲಿನಲ್ಲಿ ಅವಳ ಗಂಡ ದಿಲೀಪ್ ಏಣಿಯಿಂದ ಬಿದ್ದಿದ್ದ. ಅವರ ಕಡೆ ಕಾಫಿಯ ನೆರಳಿಗೆ ನಿಲ್ಲಿಸಿದ ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಒಂಟಿ ಬಿದಿರಿಗೆ ಗೂಟ ಬಡಿದು ಮಾಡಿದ ಏಣಿಯನ್ನು ಮರಕ್ಕೊರಗಿಸಿ, ಗಂಡಸು ಹತ್ತುತ್ತಾನೆ, ಹೆಂಗಸು ಬುಡ ಹಿಡಿಯುತ್ತಾಳೆ. ಹತ್ತಿದವನು ತುದಿಯನ್ನು ಹಗ್ಗದಿಂದ ಮರಕ್ಕೆ ಬಿಗಿಯುವ ತನಕ ಅವನ ಜೀವ ಹಿಡಿದವಳ ಕೈಯಲ್ಲಿ. ದಿಲೀಪ್ ಹಗ್ಗ ಬಿಚ್ಚಿ ಸುತ್ತುತ್ತಿದ್ದಾಗಲೇ ಒಣಗಿದ ತರಗೆಲೆಯ ಮೇಲೆ ಬುಡ ಜಾರಿತು. ರಜನಿ ಹಿಡಿದೇ ಇದ್ದಳು, ಆದರೂ ಬಿದಿರು ಅವಳ ಅಂಗೈಯನ್ನು ತರಚಿಕೊಂಡು ಹೋಯಿತು. ಆಮೇಲೆ ತೊಡೆಯ ಮೂಳೆಗೆ ರಾಡು, ತಿಂಗಳುಗಟ್ಟಲೆ ಮಂಚ, ಊರುಗೋಲು.

ಊರುಗೋಲು ಬಿಟ್ಟ ದಿನವೇ ಅವನು, "ಬರೋ ವರ್ಷ ನಾನೇ ಹತ್ತೋದು," ಎಂದ. ಬೇಡ ಎಂದರೆ ಕೇಳುವ ಜಾತಿಯಲ್ಲ. "ನನ್ನ ಕೈಲಿ ಹಿಡಿಯೋಕಾಗಲ್ಲ," ಎಂದಳು. "ಹಾಗಾದ್ರೆ ಕೈ ಗಟ್ಟಿ ಮಾಡ್ಕೊ ಮಾರಾಯ್ತಿ," ಎಂದು ನಕ್ಕುಬಿಟ್ಟ.

ಅದೇ ವಾರ ಜೀಪಿನ ಕ್ಲಚ್ ಸರಿಮಾಡಿಸಲು ಗ್ಯಾರೇಜಿಗೆ ಹೋದವಳು ಮಾಳಿಗೆಯಿಂದ ದಡ್ ದಡ್ ಎಂಬ ಸದ್ದು ಕೇಳಿ ಮೇಲೆ ಹತ್ತಿದಳು. ಸಾಲಾಗಿಟ್ಟ ಗುಂಡುಗಳಲ್ಲಿ ಇಪ್ಪತ್ತು ಕೆಜಿಯದನ್ನು ಎತ್ತಲು ನೋಡಿದಳು. ಅದು ಮೊಣಕಾಲಿನಿಂದ ಮೇಲೆ ಬರಲಿಲ್ಲ. ಇದನ್ನು ತಲೆಯ ಮೇಲೆ ಹಿಡಿದು ಮಲಗಿದಲ್ಲಿಂದ ಏಳುವವರೂ ಇದ್ದಾರೆ ಎಂದು ಇಜಾಜ್ ಹೇಳಿದಾಗ ಅವಳಿಗೆ ದಾರಿ ಹೊಳೆಯಿತು. ಮನೆಗೆ ಬಂದು, ಗಂಡನನ್ನು ದೇವರ ಮುಂದೆ ಕೂರಿಸಿ, ಹಳದಿ ಬಟ್ಟೆಯಲ್ಲಿ ನಾಣ್ಯವಿಟ್ಟು ಕಳಸದ ದೇವರಿಗೆ ಮುಡಿಪು ಕಟ್ಟಿದಳು. ಇಪ್ಪತ್ತರ ಗುಂಡು ಎತ್ತಿ ನಾನು ಎದ್ದು ನಿಲ್ಲುವ ತನಕ ಇವರು ಏಣಿಗೆ ಕಾಲಿಡಬಾರದು. ಎಂಥ ಹಟಮಾರಿಯಾದರೂ ದಿಲೀಪ್ ಮುಡಿಪು ಮೀರುವವನಲ್ಲ.

ತನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ ಎಂದುಕೊಂಡೇ ಅವಳು ಆ ಗುಂಡನ್ನು ಆರಿಸಿದ್ದಳು. ಆದರೆ ಪ್ರಯತ್ನವನ್ನೇ ಮಾಡದಿದ್ದರೆ ಅದು ಹರಕೆಯಲ್ಲ, ದೇವರಿಗೆ ಹಾಕಿದ ಟೋಪಿ. ಹಾಗಾಗಿ ಪ್ರಾಮಾಣಿಕವಾಗಿ ಹೋದಳು. ಎಂಟರ ಗುಂಡು, ಹನ್ನೆರಡರದ್ದು, ಹದಿನಾರರದ್ದು. ಮೈ ಅವಳ ಮಾತು ಕೇಳದೆ ಗಟ್ಟಿಯಾಗುತ್ತಾ ಹೋಯಿತು. ಈಗ ಮರದ ಮೇಲೆ ಮೆಣಸು ಕೆಂಪಾಗುತ್ತಿರುವ ಹೊತ್ತಿಗೆ ಸರಿಯಾಗಿ ಇಪ್ಪತ್ತರದ್ದು ಎದ್ದು ನಿಂತಿತ್ತು.

"ಮುಂದಿನ ಪ್ರೋಗ್ರಾಂ ಯಾವುದು ಅಕ್ಕ?" ಎಂದ ಇಜಾಜ್. "ಇಪ್ಪತ್ನಾಲ್ಕಕ್ಕೆ ಹೋಗ್ಬೋದು. ಇಲ್ಲ, ಬಾರ್‌ಬೆಲ್ ಶುರು ಮಾಡ್ಬೋದು. ಇಲ್ಲಾಂದ್ರೆ ಎರಡೂ ಕೈಯಲ್ಲಿ ಗುಂಡು ಹಿಡ್ಕೊಂಡು ನಡೆಯೋದು."

"ಇಪ್ಪತ್ನಾಲ್ಕಕ್ಕೆ ಎಷ್ಟು ದಿನ ಹಿಡಿಯುತ್ತೆ? ಮಳೆಗಾಲ ದಾಟುತ್ತಾ?"

"ನೀವು ಮನಸ್ಸು ಮಾಡಿದ್ರೆ ಬೇಗನೂ ಆಗುತ್ತೆ."

"ಬೇಗ ಆಗೋದು ಬೇಡ. ನಿಧಾನಕ್ಕೆ ಆಗೋದು ಯಾವುದಿದೆ?"

ಶಬನಂ ಸುಲಿಯುತ್ತಿದ್ದ ಕೈ ನಿಲ್ಲಿಸಿದಳು. "ಎಲ್ಲರೂ ಯಾವಾಗ ಮುಗಿಯುತ್ತೆ ಅಂತ ಇವನ ತಲೆ ತಿಂತಾರೆ. ನೀನೊಬ್ಬಳು ನೋಡು, ಮುಗೀದೇ ಇರೋದು ಕೊಡು ಅಂತೀಯ. ಏನು ಕತೆ?"

ಅಕ್ಕತಮ್ಮಂದಿರ ಮುಂದೆ ರಜನಿ ಏಣಿಯ ವಿಷಯ ಹೇಳಿಬಿಟ್ಟಳು. ಇಪ್ಪತ್ನಾಲ್ಕರ ಮೇಲೆ ಇನ್ನೊಂದು ಮುಡಿಪು ಕಟ್ಟಿದರೆ ಈ ಕೊಯ್ಲು ದಾಟಿಸಬಹುದು ಎಂದು ಬಂದ ಆಲೋಚನೆಯನ್ನೂ ಹೇಳಿದಳು. ಹೇಳುವಾಗಲೇ ನಾಚಿಕೆಯಾಯಿತು. ದೇವರ ಹತ್ತಿರ ಎಷ್ಟು ಸಲ ವಾಯಿದೆ ಕೇಳುವುದು?

"ಹಿಡಿಯೋ ಬಲ ಅಂದ್ರೆ ಬೇರೆ ಅಕ್ಕ," ಎಂದ ಇಜಾಜ್ ಮೆಲ್ಲಗೆ. "ಅಲ್ಲಾಡದೆ ನಿಲ್ಲಬೇಕು, ಮುಂಗೈ ಸೋಲಬಾರದು. ಅದಕ್ಕೆ ನಡೆಯೋ ಕಸರತ್ತು. ಮೊದಲೇ ಹೇಳಿದ್ರೆ ಅದನ್ನೇ ಮಾಡಿಸ್ತಿದ್ದೆ. ನೀವು ಇಷ್ಟು ದಿನ ಮಾಡಿದ್ದು ಏಳೋ ಕಸರತ್ತು. ನೆಲ ಬಿಟ್ಟು ಮೇಲೆ ಹೋಗೋದು, ಹೋದ ಹಾಗೇ ಹುಷಾರಾಗಿ ಇಳಿಯೋದು."

"ಅಂದ್ರೆ ಹಿಡಿಯೋಳಿಗಲ್ಲ, ಹತ್ತೋರಿಗೆ ಬೇಕಾದ್ದು ಕಲಿಸಿದೀಯ," ಎಂದಳು ಶಬನಂ, ಮತ್ತೆ ಅವರೆಕಾಯಿ ಕೈಗೆತ್ತಿಕೊಳ್ಳುತ್ತಾ. "ಒಳ್ಳೇ ಮೇಷ್ಟ್ರು."

ರಜನಿಗೆ ನಗು ಬರಲಿಲ್ಲ. ಅಲ್ಲಾಡದೆ ನಿಲ್ಲುವ ಬಲ ತನಗಿಲ್ಲ. ಹರಕೆ ಮಾತ್ರ ತೀರಿದೆ. ಇಷ್ಟೇ ಅವಳ ಕಿವಿಯಲ್ಲಿ ಉಳಿದದ್ದು. ಪ್ರೋಗ್ರಾಂ ಆಮೇಲೆ ಹೇಳುತ್ತೇನೆಂದು ಬಸ್ ಹತ್ತಿದಳು. ದಾರಿಯುದ್ದಕ್ಕೂ, ಮನೆಯಲ್ಲಿ ಹೇಳದಿದ್ದರೆ ಹೇಗೆ ಎಂದು ಯೋಚಿಸಿದಳು. ಹೇಳದಿದ್ದರೂ ಮುಡಿಪಿಗೆ ಗೊತ್ತಲ್ಲ.

ಮುಚ್ಚಿಡುವ ಕಷ್ಟ ಅವಳಿಗೆ ಬರಲಿಲ್ಲ. ಅಂಗಳಕ್ಕೆ ಕಾಲಿಡುವಾಗಲೇ ಕೊಟ್ಟಿಗೆಯ ಅಟ್ಟದಲ್ಲಿದ್ದ ಏಣಿ ಕೆಳಗಿಳಿದಿತ್ತು. ದಿಲೀಪ್ ಒಂದೊಂದೇ ಗೂಟವನ್ನು ಕತ್ತಿಯ ಹಿಂಬದಿಯಿಂದ ತಟ್ಟಿ ನೋಡುತ್ತಿದ್ದ.

"ಇಜಾಜ್ ಸ್ಟೇಟಸ್ ಹಾಕಿದಾನೆ," ಎಂದ, ಮುಖವಿಡೀ ನಗುತ್ತಾ. "ಭಲೇ ಹೆಣ್ಣೇ. ಬಣಕಲ್‌ನಿಂದ ನಮ್ಮ ದೋಸ್ತ್ ಧರ್ಮೇಶ ಫೋನ್ ಮಾಡಿ, ಇನ್ನು ಮೇಲೆ ಹೆಂಡ್ತಿಗೆ ಎದುರು ಮಾತಾಡಬೇಡ ಮಾರಾಯ ಅಂದ."

"ಹೊರಗಿನ ಕೊಯ್ಲಿನವರು ಬರಲಿ. ಕಾಯೋಣ."

"ದೊಡ್ಡ ಎಸ್ಟೇಟುಗಳು ಮುಗಿಸಿ ಅವರು ನಮ್ಮಲ್ಲಿಗೆ ಬರೋ ಹೊತ್ತಿಗೆ ಬಳ್ಳಿಯಲ್ಲಿ ದಂಟು ಮಾತ್ರ ಇರುತ್ತೆ. ಈಗಲೇ ಹಣ್ಣು ಉದುರ್ತಾ ಇದೆ, ನೋಡಿಲ್ವಾ? ನಿನ್ನ ಮಾತಿಗೆ ನಾನು ಕಾದೆ ರಜನಿ. ಇನ್ನು ನೀನು ಹೇಳು, ಕಾಯೋಕೆ ಏನಿದೆ?"

ಅವಳು ಒಳಗೆ ಹೋಗಿ ಮುಡಿಪಿನ ಮುಂದೆ ಕೂತಳು. ಅಂಗೈಯ ಹಳೆಯ ಗಾಯದ ಗೆರೆ ಉರಿದಂತಾಯಿತು.

ಬೆಳಿಗ್ಗೆ ಮಂಜು ಕರಗುವ ಮುಂಚೆಯೇ ಹಳ್ಳದ ಬದಿಯ ಸಿಲ್ವರ್ ಸಾಲಿಗೆ ಇಳಿದರು. ಉದುರಿದ ಮೆಣಸು ಆಯಲು ಪಾಪಮ್ಮನೂ ಬಂದಿದ್ದಳು. ರಜನಿಯ ಅತ್ತೆಯ ಕಾಲದಿಂದ ಆ ತೋಟದಲ್ಲಿ ಕೆಲಸ ಮಾಡಿದ ಮುದುಕಿ. ದಿಲೀಪ್ ಬೇಕೆಂದೇ, ಹೋದ ವರ್ಷ ತಾನು ಬಿದ್ದಿದ್ದ ಮರದಿಂದ ಶುರುಮಾಡಿದ. ಏಣಿ ಒರಗಿಸಿದ, ಬಳ್ಳಿಗೆ ಕೈಮುಗಿದ, ಕಾಲಿಟ್ಟ.

ರಜನಿ ಬುಡಕ್ಕೆ ಪಾದ ಒತ್ತಿ ಎರಡೂ ಕೈಯಲ್ಲಿ ಹಿಡಿದಳು. ಅವನು ಒಂದು ಗೂಟ ಏರಿದ. ಇನ್ನೊಂದು. ರಾಡು ಹಾಕಿದ ಕಾಲು ಅವಳ ಕಣ್ಣಿನ ನೇರಕ್ಕೆ ಬಂದಾಗ ಅದು ನಡುಗುತ್ತಿತ್ತು. ಆ ನಡುಕ ಬಿದಿರಿನಲ್ಲಿಳಿದು ಅವಳ ಅಂಗೈಗೆ ಬಂತು. ಪದ್ಯ ನೆನೆಸಿಕೊಳ್ಳಲು ನೋಡಿದಳು, ಮೊದಲ ಸಾಲೇ ಬರಲಿಲ್ಲ. ನಿಂತಲ್ಲೇ ನಿಂತು ಕಾಯುವವಳಿಗೆ ಪದ್ಯದಲ್ಲಿ ಕೆಲಸವಿಲ್ಲ ಎನ್ನಿಸಿತು. ಪದ್ಯಕ್ಕೆ ಚಲಿಸುವ ಮೈ ಬೇಕು. ಹತ್ತೋರಿಗೆ ಬೇಕಾದ್ದು ಕಲಿಸಿದೀಯ ಎಂದು ಹಿಂದಿನ ದಿನ ಶಬನಂ ತಮಾಷೆಗೆ ಅಂದದ್ದು ಆಗ ಅವಳಿಗೆ ಕೇಳಿಸಿತು.

"ಇಳೀರಿ," ಎಂದಳು.

"ಏನಾಯ್ತು?"

"ಇಳೀರಿ ಅಂದೆ. ನಾನು ಹತ್ತುತೀನಿ. ನೀವು ಹಿಡೀರಿ."

ದಿಲೀಪ್ ಇಳಿದು ಅವಳ ಮುಖ ನೋಡಿದ. "ಹೆಂಗಸರು ಏಣಿ ಹತ್ತೋದುಂಟಾ? ನೋಡಿದವರು ಏನಂತಾರೆ?"

"ಯಾರು ನೋಡ್ತಾರೆ? ಪಾಪಮ್ಮ ನೋಡ್ತಾಳೆ."

ಪಾಪಮ್ಮ ಬಗ್ಗಿದ್ದಲ್ಲಿಂದಲೇ, "ಹೆಣ್ಣು ಹತ್ತಿದ್ರೆ ಬಳ್ಳಿ ಒಣಗುತ್ತೆ ಅಂತ ನಮ್ಮತ್ತೆ ಹೇಳ್ತಿತ್ತು," ಎಂದಳು. ಒಂದೆರಡು ಕಾಳು ಆಯ್ದು ಬುಟ್ಟಿಗೆ ಹಾಕಿದಳು. "ನಮ್ಮತ್ತೆ ಹೇಳದೇ ಇದ್ದಿದ್ದು ಯಾವುದು. ಗಂಡಸು ಬಿದ್ದಾಗ ಬಳ್ಳಿ ಚೆನ್ನಾಗೇ ಇತ್ತಪ್ಪ."

"ನಿಮ್ಮ ಕಾಲು ನಡುಗ್ತಾ ಇದೆ," ಎಂದಳು ರಜನಿ, ಅವನಿಗೆ ಮಾತ್ರ ಕೇಳುವಂತೆ. "ನಿಲ್ಲೋಕೆ ಆ ಕಾಲು ಸಾಕು. ಹತ್ತೋಕೆ ಸಾಲದು. ನನಗೆ ಹಿಡಿಯೋಕೆ ಬರಲ್ಲ. ಹತ್ತೋಕೆ ಬರುತ್ತೋ ಏನೋ, ಅದೂ ಗೊತ್ತಿಲ್ಲ."

ದಿಲೀಪ್ ತನ್ನ ಕಾಲನ್ನು ನೋಡಿಕೊಂಡ. ಕೊನೆಗೆ ಸೊಂಟದ ಹಗ್ಗ ಬಿಚ್ಚಿ ಅವಳ ಕೈಗೆ ಕೊಟ್ಟ.

ಚಳಿಗೆಂದು ನೈಟಿಯ ಕೆಳಗೆ ಜಿಮ್ಮಿನ ಪ್ಯಾಂಟು ಹಾಕಿಕೊಂಡೇ ಬಂದಿದ್ದಳು. ನೈಟಿಯನ್ನು ಎತ್ತಿ ಕಟ್ಟಿ, ಚೀಲವನ್ನು ಹೆಗಲಿಗೆ ಹಾಕಿ ಏರಿದಳು. ಕಾಫಿ ಗಿಡದ ತಲೆ ದಾಟಿದ ಮೇಲೆ ಗಾಳಿ ಬೇರೆಯಾಯಿತು. ಏಣಿ ಬಳುಕಿತು. ತುದಿ ಮುಟ್ಟಿದ್ದಳು, ಆದರೆ ಹಗ್ಗ ಸುತ್ತಲು ಒಂದು ಕೈ ಬಿಡಬೇಕು. ಅದು ಬಿಡಲೊಲ್ಲದು. ಇದೇ ಗೂಟದ ಮೇಲೆ, ಇದೇ ಗಳಿಗೆಯಲ್ಲಿ ಅವನು ಬಿದ್ದದ್ದು. ಕೆನ್ನೆಯನ್ನು ಬಿದಿರಿಗೆ ಒತ್ತಿ ಹಿಡಿದು ನಿಂತಳು. ಏಣಿ ಸಣ್ಣಗೆ ಅದುರುತ್ತಲೇ ಇತ್ತು. ತನ್ನ ಮೈಯ ನಡುಕವೆಂದುಕೊಂಡಳು. ಉಸಿರು ಬಿಗಿಹಿಡಿದರೂ ನಿಲ್ಲದಾಗ ತಿಳಿಯಿತು, ಅದು ಕೆಳಗಿನಿಂದ ಬರುತ್ತಿತ್ತು.

"ನಡುಗಬೇಡಿ," ಎಂದಳು.

"ನಾನಲ್ಲ. ಏಣಿ," ಎಂದ ಕೆಳಗಿನಿಂದ. ಅವನ ದನಿ ಗುರುತೇ ಸಿಗದಷ್ಟು ಸಣ್ಣದಾಗಿತ್ತು.

ಮೊದಲ ಸಾಲು ಬಂತು. ತಂದೆಯ ರಾಗದಲ್ಲೇ, ಅವರು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದೊಂದಿಗೇ ಬಂತು. ಮೂರನೆಯ ಉದ್ದದ ಸಾಲಿಗೆ ಬಲಗೈ ಬಿದಿರನ್ನು ಬಿಟ್ಟಿತು. ಹಗ್ಗ ಮರವನ್ನು ಸುತ್ತಿತು. ಕೊನೆಯ ಸಾಲಿಗೆ ಗಂಟು. ಆಮೇಲೂ ಅವಳಿಗೆ ಧೈರ್ಯವೇನೂ ಬರಲಿಲ್ಲ. ಭಯದ ಜೊತೆಯಲ್ಲೇ ಕೈ ಚಾಚಿ ಒಂದು ತೆನೆ ಮುರಿದಳು, ಇನ್ನೊಂದು ಮುರಿದಳು. ಪದ್ಯ ಮುಗಿದಾಗ ಮೊದಲಿನಿಂದ ಶುರುಮಾಡಿದಳು.

ಚೀಲ ತುಂಬಿಸಿ, ಹಗ್ಗ ಬಿಚ್ಚಿ, ಹತ್ತಿದ ಹಾಗೆಯೇ ಒಂದೊಂದೇ ಗೂಟ ಇಳಿದು ನೆಲ ಮುಟ್ಟಿದಾಗ ದಿಲೀಪ್ ಇನ್ನೂ ಬುಡವನ್ನು ಹಿಡಿದೇ ಇದ್ದ. ಅವಳು ಬಿಡಿ ಎಂದ ಮೇಲೆ ಬಿಟ್ಟ. ಅವನ ಅಂಗೈಯಲ್ಲಿ ಗೂಟದ ಗುರುತು ಕೆಂಪಗೆ ಮೂಡಿತ್ತು.

"ರಜನಿ, ನಿನಗೆ ಹೋದ ವರ್ಷ ಹೀಗೇ ಆಗಿತ್ತಾ?"

"ಪ್ರತಿ ವರ್ಷ."

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಮುಂದಿನ ಸಲ ಜಿಮ್ಮಿಗೆ ನಾನೂ ಬರ್ತೀನಿ. ಹಿಡಿಯೋರಿಗೆ ಅಂತ ಏನಾದ್ರೂ ಇದ್ಯಾ ಅವನ ಹತ್ರ?"

"ಇದೆ. ಎರಡೂ ಕೈಯಲ್ಲಿ ಗುಂಡು ಹಿಡ್ಕೊಂಡು ನಡೆಯೋದು. ನನಗೆ ಅಂತ ಹೇಳಿದ್ದ. ನೀವು ಮಾಡಿ."

"ನೀನು?"

"ಒಂದೇ ಕೈಯಲ್ಲಿ ಜೋತು ಬೀಳೋದು ಕಲಿಸು ಅಂತ ಕೇಳ್ತೀನಿ. ಇನ್ನೊಂದು ಕೈ ಬಿಡೋಕೆ ಹೆದರಿಕೆ ಆಗುತ್ತೆ."

"ಇಬ್ಬರೂ ಹೆದರ್ಕೊಂಡು ಹೋದ್ರೆ ಆ ಹುಡುಗ ಏನು ಕಲಿಸ್ತಾನೆ," ಎಂದಳು ಪಾಪಮ್ಮ, ಚೀಲವನ್ನು ತನ್ನ ಕಡೆ ಎಳೆದುಕೊಳ್ಳುತ್ತಾ.

ಏಣಿಯನ್ನು ಇಬ್ಬರೂ ಹೊತ್ತು ಮುಂದಿನ ಮರಕ್ಕೆ ಒಯ್ದರು. ಅದು ಮೊದಲನೆಯದಕ್ಕಿಂತ ಎತ್ತರದ ಮರ. ಅದರಾಚೆಗೆ ಹಳ್ಳದವರೆಗೂ ಸಾಲು ಇತ್ತು. ದಿಲೀಪ್ ಮರದ ಬುಡದ ತರಗೆಲೆಯನ್ನು ಕಾಲಿನಿಂದ ಕೆರೆದು ಕೆಂಪು ಮಣ್ಣು ಕಾಣಿಸಿದ. ರಜನಿ ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ನೋಡಿದಳು. ಆಮೇಲೆ ಬುಡವನ್ನು ನೋಡಿದಳು.

"ಇನ್ನೊಂದು ಸಲ ಕೆರೀರಿ," ಎಂದಳು.

ಅಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಆದರೂ ಅವನು ಬಗ್ಗಿ ಕೈಯಿಂದಲೇ ಕೆರೆಯತೊಡಗಿದ.