ವೆಲ್ಕೊನ ತೋಳಿಗೆ ಕಟ್ಟಿದ ಪಟ್ಟಿ

ನನ್ನ ಗಂಡ ಸ್ತಾಮೆನ್ ರೇಡಿಯೊ ರಿಪೇರಿ ಮಾಡುವವನು. ಯಾವ ವಸ್ತು ಕಂಡರೂ ಒಳಗೇನಿದೆ ಎಂದು ನೋಡದೆ ಬಿಡುವವನಲ್ಲ. ಆರೋಗ್ಯ ತಪಾಸಣೆಯ ವ್ಯಾನು ನಮ್ಮೂರ ಚೌಕಕ್ಕೆ ಬಂದಾಗ ಅವನು ಎಲ್ಲರಿಗಿಂತ ಮುಂದೆ ನಿಂತದ್ದು ಆರೋಗ್ಯದ ಚಿಂತೆಯಿಂದಲ್ಲ. ತೋಳಿಗೆ ಸುತ್ತಿದ ಪಟ್ಟಿಗೆ ರಕ್ತದ ಒತ್ತಡ ಹೇಗೆ ಗೊತ್ತಾಗುತ್ತದೆ ಎಂಬ ಕುತೂಹಲದಿಂದ.

ವ್ಯಾನಿನಲ್ಲಿ ಬಂದಿದ್ದ ಡಾಕ್ಟರ್ ನೆದೆವಾ ಅಳೆದರು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ಅಳೆದರು.

“ಜಾಸ್ತಿ ಇದೆ, ಮಾವ.”

“ನಿಮ್ ಮೆಷಿನ್ನೇ ಕೆಟ್ಟಿರ್ಬೇಕು ಕಣಮ್ಮ. ನಂಗೇನೂ ಆಗ್ತಿಲ್ವಲ್ಲ.”

“ಏನೂ ಆಗ್ದಂಗಿರೋದೇ ಇದರ ತೊಂದ್ರೆ. ಬೆಳಿಗ್ಗೆ ಎದ್ದು ಏನು ಕುಡೀತೀರ?”

“ಎಲೆಕೋಸು ನೆನೆಹಾಕಿ ಹುಳಿ ಬರ್ಸಿದ ಉಪ್ಪುನೀರು. ನಮ್ಮಪ್ಪ ಅದನ್ನೇ ಕುಡ್ಕೊಂಡು ಮುಪ್ಪಾಗೋವರ್ಗೂ ಬದುಕಿದ್ದ.”

“ನಿಮ್ಮಪ್ಪನ ತೋಳಿಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ. ಕೆಲವು ವಾರ ಅದನ್ನ ಬಿಟ್ಟು, ಮನೇಲೇ ಅಳ್ಕೊಂಡು ನೋಡಿ.”

ಅವನು ಪಟ್ಟಣದಿಂದ ಮೆಷಿನ್ ತಂದ. ಮೆಟ್ಟಿಲು ಹತ್ತಿ ಅಳೆದ, ಸುದ್ದಿ ಕೇಳಿ ಅಳೆದ. ಒಂದು ಮಧ್ಯಾಹ್ನ ನನ್ನೆದುರು ಕೂತು ತೋಳು ಚಾಚಿದ.

“ಜ್ಲಾತ್ಕಾ, ಸ್ವಲ್ಪ ಬೈಯೇ. ಎಷ್ಟು ಏರುತ್ತೆ ನೋಡೋಣ.”

ನನಗೇನೂ ಕಷ್ಟವಾಗಲಿಲ್ಲ. ನಿಜಕ್ಕೂ ಏರಿತು.

ಉಪ್ಪುನೀರು ಬಿಟ್ಟ ಹೊಸತರಲ್ಲಿ ಬೆಳಿಗ್ಗೆ ಏನು ಮಾಡಬೇಕೆಂದು ತೋಚದೆ ಮನೆ ತುಂಬ ಓಡಾಡುತ್ತಿದ್ದ. ಆಮೇಲೆ ಬೆಟ್ಟದ ಮೇಲಿನ ಒರತೆಯವರೆಗೆ ನಡೆದು ಬರತೊಡಗಿದ. ಒತ್ತಡ ನಿಧಾನಕ್ಕೆ ಇಳಿಯಿತಾದರೂ ಸಾಕಾಗುವಷ್ಟಲ್ಲ. ಡಾಕ್ಟರು ಮಾತ್ರೆ ಬರೆದರು. ಅದೇನು ಮಾಡುತ್ತದೋ ನೋಡುವ ಆಸೆಗೆ ಅದನ್ನೂ ತಪ್ಪದೆ ನುಂಗಿದ.

ಪಕ್ಕದ ಮನೆಯ ಕುರಿಗಾಹಿ ವೆಲ್ಕೊ ಕಡ್ಡಿಯಂಥ ಮನುಷ್ಯ. ಆಗಾಗ ಬಂದು ಕಿಚಾಯಿಸುತ್ತಿದ್ದ.

“ನನ್ ಟಗರಿಗೂ ಒಂದ್ಸಲ ಕಟ್ಟಯ್ಯ.”

“ಮೊದ್ಲು ಟಗರಿನ ಯಜಮಾನಂಗೆ ಕಟ್ತೀನಿ, ಕೂತ್ಕೊ.”

ತಮಾಷೆಗೆ ಕಟ್ಟಿದ ಸ್ತಾಮೆನ್ ಸಂಖ್ಯೆ ನೋಡಿ ಪಟ್ಟಿ ಬಿಚ್ಚಿದ. ಇನ್ನೊಂದು ತೋಳಿಗೆ ಕಟ್ಟಿದ. ಮೆಷಿನ್ನಿನ ಮೇಲೇ ಅನುಮಾನ ಬಂದು ನನಗೆ ಕಟ್ಟಿದ; ನನ್ನದು ಸರಿಯಾಗಿತ್ತು. ವೆಲ್ಕೊನದು ಮಾತ್ರ ಸ್ತಾಮೆನ್‌ನದು ಎಂದೂ ಏರದಷ್ಟು ಮೇಲಿತ್ತು.

“ದಿನಾ ಬೆಟ್ಟ ಹತ್ತೋನು ನಾನು,” ಎಂದ ವೆಲ್ಕೊ. ದನಿಯಲ್ಲಿ ನಗು ಇರಲಿಲ್ಲ.

“ಅದೇ ನಂಗೂ ಅರ್ಥ ಆಗ್ತಿಲ್ಲ ಕಣೋ. ಯಾಕೆ ಅಂತ ತಿಳ್ಕೋಬೇಕು ಅನ್ಸಲ್ವಾ ನಿಂಗೆ?”

ಹೆದರಿಸಿದ್ದರೆ ಅವನು ಎದ್ದು ಹೋಗುತ್ತಿದ್ದ. ಹೀಗೆ ಕೇಳಿದ್ದಕ್ಕೆ ಕೂತೇ ಇದ್ದ. ಮರುದಿನ ಇಬ್ಬರೂ ಡಾಕ್ಟರನ್ನು ಕಾಣಲು ಪಟ್ಟಣದ ಬಸ್ಸು ಹತ್ತಿದರು.

ವೆಲ್ಕೊನ ರಕ್ತ, ಮೂತ್ರ ಎರಡನ್ನೂ ಪರೀಕ್ಷಿಸಿದ ನೆದೆವಾ, ಮೂತ್ರಪಿಂಡಗಳಿಗೆ ಪೆಟ್ಟು ಬೀಳಲು ಆಗಷ್ಟೇ ಶುರುವಾಗಿದೆ ಎಂದರು. ಔಷಧಿ ತಪ್ಪಿಸದೆ, ಉಪ್ಪು ಕಡಿಮೆ ಮಾಡಿ, ಆಗಾಗ ಬಂದು ತೋರಿಸಿಕೊಂಡರೆ ಬಹುಕಾಲ ಕಾಪಾಡಿಕೊಳ್ಳಬಹುದಂತೆ. ಇದು ಮನೆತನದಲ್ಲೇ ಬಂದದ್ದೂ ಇರಬಹುದು, ಒಡಹುಟ್ಟಿದವರಿದ್ದರೆ ಅವರನ್ನೂ ಕಳಿಸಿ ಎಂದರು.

ವೆಲ್ಕೊ ಮನೆಗೆ ಬಂದವನೇ ಕೇಳಿದ: “ಆ ಮೆಷಿನ್ ಒಂದಿನ ಕೊಡ್ತೀಯಾ? ಮೇಲಿನ ಹಳ್ಳೀಲಿ ನಮ್ಮಕ್ಕ ಇದ್ದಾಳೆ. ಪಟ್ಟಣಕ್ಕೆ ಬಾ ಅಂದ್ರೆ ಬರೋಳಲ್ಲ.”

“ಕೊಡೋದೇನು, ನಾನೂ ಬರ್ತೀನಿ. ನಂಗೂ ನೋಡ್ಬೇಕು.”

ಅಕ್ಕನ ಒತ್ತಡ ಸರಿಯಾಗಿತ್ತು. ಆದರೂ ಮುಂದಿನ ಸಲ ವ್ಯಾನು ಬಂದಾಗ ಪರೀಕ್ಷೆಗೆ ರಕ್ತ ಕೊಡುತ್ತೇನೆಂದು ಅವಳಿಂದ ಮಾತು ತೆಗೆದುಕೊಂಡರು. ಅವಳು ಕೊಟ್ಟು ಕಳಿಸಿದ ಉಪ್ಪುನೀರಲ್ಲಿಟ್ಟ ಬಿಳಿ ಚೀಸನ್ನು ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ನೀರಿಗೆ ಹಾಕಿ, ಉಪ್ಪು ಬಿಟ್ಟಿತೇ ಎಂದು ಚೂರು ಚೂರು ಮುರಿದು ರುಚಿ ನೋಡುತ್ತಾ ಕೂತರು.