ಮೊಣಕಾಲ ಮೇಲಿನ ಬಿಳಿ ಬಟ್ಟೆ

ಅಮೆರಿಕದ ಮೇಕನ್ ಊರಿನಲ್ಲಿ ಕಪ್ಪು ಜನರ ಗಿಲಿಯಾದ್ ಚರ್ಚಿನಲ್ಲಿ ಹಾಡು ಏರುತ್ತ ಹೋದಂತೆ ಯಾರ ಮೇಲಾದರೂ ಪವಿತ್ರಾತ್ಮ ಇಳಿಯುವುದು, ಅವರು ಮೈಮರೆತು ನೆಲಕ್ಕೆ ಕುಸಿಯುವುದು ಹೊಸದೇನಲ್ಲ. ಹಾಗೆ ಬಿದ್ದವರ ತಲೆ ಬೆಂಚಿಗೆ ಬಡಿಯದಂತೆ ಹಿಡಿದು, ಮೊಣಕಾಲ ಮೇಲೆ ಬಿಳಿ ಬಟ್ಟೆ ಹೊದಿಸಿ, ಮುಖಕ್ಕೆ ಬೀಸಣಿಗೆ ಬೀಸುವುದು ವರ್ಲೀನಳ ಸೇವೆ. ಸಭೆಯವರ ಬಾಯಲ್ಲಿ ಅವಳು ನರ್ಸಮ್ಮ. ಮೂವತ್ತೊಂದು ವರ್ಷದಿಂದ ಬಿಳಿ ಉಡುಪು, ಬಿಳಿ ಕೈಗವಸು ತೊಟ್ಟು ಮೂರನೆಯ ಸಾಲಿನ ಪಕ್ಕದಲ್ಲಿ ನಿಂತಿದ್ದಾಳೆ. ದೇವರು ಮುಟ್ಟಿದವರ ಅಂಗೈ ಬೆಚ್ಚಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಡಿದೂ ಹಿಡಿದೂ ತಿಳಿದದ್ದು.

ಏಪ್ರಿಲಿನ ಆ ಭಾನುವಾರ ಬಿದ್ದವಳು ಟವಾನಾ. ಹಾಡುವವರ ಸಾಲಿನ ಹುಡುಗಿ, ಆರು ತಿಂಗಳ ಕೂಸಿನ ತಾಯಿ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. “ಬಿಡಬೇಡ ಸ್ವಾಮಿ, ಅವಳನ್ನ ಬಿಡಬೇಡ” ಎಂದು ಮುದುಕಿಯರು ಕೂಗಿದರು. ವರ್ಲೀನಳೂ ಹಾಗೆಯೇ ನಂಬಿ ಬೀಸಣಿಗೆ ಬೀಸಿದಳು. ಆಮೇಲೆ ಏನನ್ನಿಸಿತೋ, ಕೈಗವಸು ಕಳಚಿ ಹುಡುಗಿಯ ಅಂಗೈ ಹಿಡಿದಳು. ನೀರಿನಿಂದ ಎತ್ತಿದ ಕಲ್ಲಿನ ಹಾಗೆ ತಣ್ಣಗಿತ್ತು.

ಜನವರಿಯಲ್ಲಿ ಚರ್ಚಿನವರೆಲ್ಲ ಕೂಡಿ ಮೂರು ವಾರ ಉಪವಾಸ ಹಿಡಿಯುವುದು ವಾಡಿಕೆ. ಮೊಲೆಯೂಡುವ ತಾಯಂದಿರಿಗೆ ಬೇಡವೆಂದು ಪಾಸ್ಟರ್ ಹೇಳಿದ್ದರೂ ಟವಾನಾ ಹಿಡಿದಿದ್ದಳು. ಮುಗಿದ ದಿನ ಎಲ್ಲರೂ ಒಟ್ಟಿಗೆ ಕೂತು ಕೋಳಿ, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು ತಿಂದು ಉಪವಾಸ ಬಿಟ್ಟರು. ಟವಾನಾ ತಟ್ಟೆ ಹಿಡಿದು ಎಲ್ಲರೊಡನೆ ನಗುತ್ತ ಓಡಾಡಿದ್ದಳಲ್ಲದೆ ತುತ್ತು ಬಾಯಿಗಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಅದು ವರ್ಲೀನಳಿಗೆ ಈಗ ನೆನಪಾಯಿತು.

ಸೋಮವಾರ ಅವಳು ಒಂದು ತಟ್ಟೆ ಊಟ ಕಟ್ಟಿಕೊಂಡು ಟವಾನಾಳ ಮನೆಗೆ ಹೋದಳು. ಚೀಲದಲ್ಲಿ ಒಂದು ಅರ್ಜಿಯೂ ಇತ್ತು. ಹೆರಿಗೆಯಾದ ಮೇಲೆ ಊಟದ ಜೊತೆ ಸೆಣಸಿ ಕಾಯಿಲೆ ಬೀಳುವ ತಾಯಂದಿರ ಬಗ್ಗೆ ಯೂನಿವರ್ಸಿಟಿಯಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ಸೇರಿದವರಿಗೆ ಹನ್ನೆರಡು ವಾರ ಚಿಕಿತ್ಸೆ ಧರ್ಮಾರ್ಥ. ಸೇರಿದ ನೂರ ಎಂಬತ್ತು ಜನರಲ್ಲಿ ಕಪ್ಪು ಜನಾಂಗದವರು ಮೂವರು. ಭಿತ್ತಿಪತ್ರದಲ್ಲಿದ್ದ ಸಣಕಲು ಬಿಳಿ ಹುಡುಗಿಯನ್ನು ನೋಡಿ ಉಳಿದ ಕಪ್ಪು ತಾಯಂದಿರು ಇದು ತಮಗಲ್ಲವೆಂದು ಮುಂದೆ ಹೋಗುತ್ತಿದ್ದರು. ಹೀಗಾಗಿ ಆ ಕೆಲಸದಲ್ಲಿದ್ದ ಡಾಕ್ಟರ್ ರೋಶೆಲ್, ತಾನೂ ಕಪ್ಪು ಹೆಂಗಸೇ, ಚರ್ಚಿಗೆ ಬಂದು, “ನಿಮ್ಮ ಮಾತಿಗಾದ್ರೂ ಬರ್ತಾರೆ” ಎಂದು ವರ್ಲೀನಳನ್ನು ಬೇಡಿಕೊಂಡಿದ್ದಳು. ಶುಕ್ರವಾರಕ್ಕೆ ಸೇರುವ ಬಾಗಿಲು ಮುಚ್ಚುವುದಿತ್ತು.

“ತಿನ್ನು ಮಗಳೇ.”

“ಆಮೇಲೆ ತಿಂತೀನಿ ಮಿಸ್ ವರ್ಲೀನ್.”

“ಈ ಆಮೇಲೆ ಅನ್ನೋದು ಯಾವ ತಿಂಗಳಲ್ಲಿ ಬರುತ್ತೆ?”

ಟವಾನಾ ನಕ್ಕಳು. “ನಾನೇನು ಊಟ ಬಿಟ್ಟೋಳ ಥರ ಕಾಣ್ತೀನಾ? ಈ ಸೊಂಟ ನೋಡಿ. ಡಾಕ್ಟ್ರೂ ಇನ್ನೂ ತೂಕ ಇಳಿಸು ಅಂದ್ರು. ಚರ್ಚಲ್ಲಂತೂ, ಎಷ್ಟು ಚೆನ್ನಾಗಿ ಇಳೀತಿದ್ದೀಯೆ, ದೇವರ ಕೃಪೆ ಅಂತಾರೆ.”

ಮಗುವನ್ನು ಮಡಿಲಿನಿಂದ ಹೆಗಲಿಗೆ ಹಾಕಿಕೊಂಡ ಮೇಲೆ ದನಿ ತಗ್ಗಿಸಿದಳು. “ದಿನವೆಲ್ಲ ತಡ್ಕೋತೀನಿ. ಒಂದೊಂದು ಸಲ ಕಾರಲ್ಲಿ ಕೂತು ಅಳ್ತಾ ತಿಂತೀನಿ, ಯಾರೋ ಕಿತ್ಕೊಳ್ಳೋಕೆ ಬಂದ ಹಾಗೆ. ಆ ತಪ್ಪಿಗೆ ಮತ್ತೆ ಉಪವಾಸ. ಆದ್ರೆ ಇದೆಲ್ಲ ಬಿಳೀ ಹುಡುಗೀರಿಗೆ ಬರೋ ಕಾಯಿಲೆ ಅಲ್ವಾ?”

“ಹೊಟ್ಟೆ ಇದ್ದೋರಿಗೆಲ್ಲ ಬರುತ್ತೆ. ಕೂತ್ಕೋ, ಬರಿಯೋಣ.”

ಒಂದೊಂದೇ ಪ್ರಶ್ನೆ ಓದಿ ವರ್ಲೀನ್ ಉತ್ತರ ತುಂಬಿದಳು. ಎಚ್ಚರವಿದ್ದೂ ಬಹಳ ಹೊತ್ತು ಏನೂ ತಿನ್ನದೆ ಇರುತ್ತೀರಾ ಎಂಬಲ್ಲಿ ಟವಾನಾ ತಡೆದಳು. “ಉಪವಾಸಾನೂ ಬರೀಬೇಕಾ?”

ಉಪವಾಸ ಮಾಡುವಾಗ ಮುಖ ತೊಳೆದು ತಲೆ ಬಾಚಿಕೋ, ಅದು ದೇವರ ಕಣ್ಣಿಗಷ್ಟೇ ಕಾಣಲಿ ಎಂದು ವರ್ಲೀನಳ ಅಜ್ಜಿ ಕಲಿಸಿದ್ದಳು. “ದೇವರಿಗೆ ಕೊಟ್ಟದ್ದನ್ನ ಯೂನಿವರ್ಸಿಟಿಗೆ ಯಾಕೆ ಒಪ್ಪಿಸೋದು? ಬಿಡು” ಎಂದು ವರ್ಲೀನ್ ‘ಇಲ್ಲ’ ಎಂಬಲ್ಲಿ ಗುರುತು ಹಾಕಿದಳು.

ಗುರುವಾರ ರೋಶೆಲಳ ಫೋನು ಬಂತು. “ಮಿಸ್ ವರ್ಲೀನ್, ಆ ತಾಯೀನ ತಗೊಳ್ಳೋಕಾಗಲ್ಲ. ಊಟ ಬಿಡೋದಿಲ್ಲ ಅಂತ ಬರೆದಿದ್ದಾರೆ.”

ವರ್ಲೀನ್ ಕುರ್ಚಿ ಎಳೆದುಕೊಂಡು ಕೂತಳು. “ಆ ತಪ್ಪು ನಂದು. ಉಪವಾಸದ ವಿಷಯ ಬರೆಯೋದು ಬೇಡ ಅಂತ ನಾನೇ ಬಿಡಿಸಿದೆ. ತಿದ್ದಿಬಿಡು ತಾಯಿ.”

“ತಿದ್ದಿದ್ರೂ ಆಗಲ್ಲ. ದೇವರಿಗಾಗಿ ಮಾಡಿದ ಉಪವಾಸ ಲೆಕ್ಕಕ್ಕಿಲ್ಲ ಅಂತ ನಿಯಮ. ಆ ಪ್ರಶ್ನೆ ಬರೆಯೋವಾಗ ನಮ್ಮೋರನ್ನ ಯಾರೂ ಕೇಳಿರ್ಲಿಲ್ಲ. ನಾನು ಕಮಿಟಿಗೆ ಮೂರು ಸಲ ಬರೆದೆ. ಮಧ್ಯದಲ್ಲಿ ನಿಯಮ ಬದಲಾಯಿಸಿದ್ರೆ ಇಲ್ಲೀವರೆಗಿನ ಕೆಲಸ ಕೆಟ್ಟುಹೋಗುತ್ತೆ ಅಂದ್ರು.”

“ಹಾಗಾದ್ರೆ ಆ ಹುಡುಗಿ ಏನಂತ ಬರೀಬೇಕಿತ್ತು?”

“ಏನು ಬರೆದಿದ್ರೂ ಒಳಗೆ ಬರ್ತಿರ್ಲಿಲ್ಲ. ಉಪವಾಸ ಅಂದ್ರೆ ಲೆಕ್ಕಕ್ಕಿಲ್ಲ, ಊಟ ಬಿಡಲ್ಲ ಅಂದ್ರೆ ಕಾಯಿಲೇನೇ ಇಲ್ಲ.”

“ಬೇರೆ ಕಡೆ ಚಿಕಿತ್ಸೆ?”

“ಅಟ್ಲಾಂಟದಲ್ಲಿದೆ. ಅವರ ವಿಮೆ ಅಲ್ಲಿ ನಡೆಯಲ್ಲ.”

ವರ್ಲೀನ್ ಕಿಟಕಿಯಾಚೆ ನೋಡಿದಳು. “ನಿಮ್ಮ ವರದೀಲಾದ್ರೂ ಇದು ಬರುತ್ತಾ?”

“ಮೂರೇ ಜನ ಕಪ್ಪು ತಾಯಂದಿರು ಸಿಕ್ಕರು ಅಂತ ಕೊನೇಲಿ ಒಂದು ಸಾಲು. ಓದಿದೋರು, ಆ ಜನದಲ್ಲಿ ಈ ಕಾಯಿಲೆ ಕಡಿಮೆ ಅಂದ್ಕೋತಾರೆ.” ರೋಶೆಲಳ ದನಿ ಒಡೆದಿತ್ತು. ಅವಳನ್ನು ಸಮಾಧಾನ ಮಾಡುವ ಕೆಲಸವೂ ವರ್ಲೀನಳ ಪಾಲಿಗೇ ಬಂತು.

ಶುಕ್ರವಾರ ಹೋಗಿ ಸುದ್ದಿ ಹೇಳಿದಾಗ ಟವಾನಾ ಅಳಲಿಲ್ಲ. ಮುಖ ಅರಳಿತು.

“ಅಂದ್ರೆ ನಂಗೆ ಆ ಕಾಯಿಲೆ ಇಲ್ಲ.”

“ಹಾಗಲ್ಲ ಮಗಳೇ. ಅವರ ಅಳತೆಗೆ ನೀನು ಸಿಗಲಿಲ್ಲ, ಅಷ್ಟೇ.”

“ಓದಿದೋರೇ ಇಲ್ಲ ಅಂದ್ಮೇಲೆ ಇಲ್ಲ, ಮಿಸ್ ವರ್ಲೀನ್. ದೇವರು ದೊಡ್ಡೋನು. ನಾನು ಸುಮ್ಮನೆ ಹೆದರಿದ್ದೆ.” ಸೋಮವಾರದ ತಟ್ಟೆಯನ್ನು ಫಳಫಳ ತೊಳೆದು ಹಿಂದಕ್ಕೆ ಕೊಟ್ಟಳು. ಅದರಲ್ಲಿದ್ದ ಊಟ ಎಲ್ಲಿ ಹೋಯಿತೆಂದು ವರ್ಲೀನ್ ಕೇಳಲಿಲ್ಲ. ಇದು ಕಾಯಿಲೆ ಎಂದು ಹೇಳಿ ಕೇಳುವುದಕ್ಕೆ ತನಗಿದ್ದ ಒಂದೇ ದಾರಿಯನ್ನು, ಆ ಅರ್ಜಿ ತಂದು, ತಾನೇ ಮುಚ್ಚಿದಂತಾಗಿತ್ತು.

ಭಾನುವಾರ ಎರಡನೆಯ ಹಾಡಿಗೇ ಟವಾನಾ ಕುಸಿದಳು. ವರ್ಲೀನ್ ತಲೆ ಹಿಡಿದಳು, ಬಿಳಿ ಬಟ್ಟೆ ಹೊದಿಸಿದಳು, ಕೈಗವಸು ಕಳಚಿದಳು. ಹುಡುಗಿಯ ಅಂಗೈ ಹೋದ ವಾರಕ್ಕಿಂತ ತಣ್ಣಗಿತ್ತು. ಬಾಯಲ್ಲಿ ಪ್ರಾರ್ಥನೆ ಹುಡುಕಿದಳು. ಸ್ವಾಮಿಯ ಹೆಸರು ಬಿಟ್ಟು ಬೇರೆ ಮಾತು ಸಿಗಲಿಲ್ಲ. “ಹಾಡು ನಿಲ್ಲಿಸಿ, ಯಾರಾದ್ರೂ ಆಂಬುಲೆನ್ಸ್ ಕರೀರಿ” ಎಂದು ಕೂಗುತ್ತ ಬಲಗೈ ಮೇಲೆತ್ತಿದಳು.

ಮೂವತ್ತೊಂದು ವರ್ಷದಲ್ಲಿ ನರ್ಸಮ್ಮ ಒಮ್ಮೆಯೂ ಕೈ ಎತ್ತಿದವಳಲ್ಲ. ಇವತ್ತು ಅವಳ ಮೇಲೂ ಆತ್ಮ ಇಳಿಯಿತೆಂದು ಸಭೆ ಎದ್ದು ನಿಂತಿತು. ಚಪ್ಪಾಳೆ ಇನ್ನಷ್ಟು ಏರಿತು. ಅವಳ ಕೂಗು ಆ ಹಾಡಿನೊಳಗೆ ಮುಳುಗಿತು.